ಊಟವೇ ಭಯವಾದಾಗ: ಕರುಳಿನ ರಕ್ತನಾಳದ ಅಡಚಣೆಗೆ ಸ್ಟೆಂಟೋ, ಶಸ್ತ್ರಚಿಕಿತ್ಸೆಯೋ?

ಆರೋಗ್ಯವು ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್ತು ಎಂಬ ಮಾತನ್ನು ಜುಮಾ ಖುತುಬಾಗಳಲ್ಲಿ ನಾವು ಮತ್ತೆ ಮತ್ತೆ ಕೇಳುತ್ತೇವೆ. ಅಮಾನತ್ತನ್ನು ಕಾಯಬೇಕಾದವನಿಗೆ ಅದಕ್ಕೆ ಯಾವಾಗ ಧಕ್ಕೆ ಬರುತ್ತಿದೆ ಎಂಬುದೂ ತಿಳಿದಿರಬೇಕು. ಆ ಕಾರಣದಿಂದ ಈ ಸಲದ ಆರೋಗ್ಯ ಪುಟದಲ್ಲಿ ನಮ್ಮಲ್ಲಿ ಹೆಚ್ಚಿನವರು ಹೆಸರನ್ನೂ ಕೇಳಿರದ ಒಂದು ಕಾಯಿಲೆಯ ಬಗ್ಗೆ ಬರೆಯುತ್ತಿದ್ದೇವೆ. ಅದು ಕರುಳಿಗೆ ರಕ್ತ ಒಯ್ಯುವ ನಾಳಗಳು ಕಿರಿದಾಗುವ ಕಾಯಿಲೆ. ಇದು ಮಧುಮೇಹ, ರಕ್ತದೊತ್ತಡದಷ್ಟು ಸಾಮಾನ್ಯವಲ್ಲ. ಆದರೆ ಗುರುತಿಸದೆ ಬಿಟ್ಟರೆ ಪ್ರಾಣಕ್ಕೇ ಎರವಾಗುತ್ತದೆ; ಗುರುತಿಸಿದರೆ ಒಳ್ಳೆಯ ಚಿಕಿತ್ಸೆ ಇದೆ.

ಈ ಕಾಯಿಲೆಯ ರೋಗಿ ಹಸಿವಿಲ್ಲದೆ ಊಟ ಬಿಟ್ಟವರಲ್ಲ. ಹಸಿವಿರುತ್ತದೆ, ಉಣ್ಣಲು ಹೆದರಿಕೆ. ಎರಡು ರೊಟ್ಟಿ ತಿಂದು ಕೈ ತೊಳೆದ ಅರ್ಧ ಗಂಟೆಯೊಳಗೆ ಹೊಟ್ಟೆ ಹಿಂಡಿದಂತೆ ನೋವು ಶುರುವಾಗುತ್ತದೆ. ಒಂದೆರಡು ತಾಸು ಕಾಡಿ ತಾನಾಗಿ ಇಳಿಯುತ್ತದೆ. ಮರುದಿನ ಒಂದೇ ರೊಟ್ಟಿ, ಆಮೇಲೆ ಅರ್ಧ, ಆಮೇಲೆ ಬರೀ ಗಂಜಿ. ಕೆಲವು ತಿಂಗಳಲ್ಲಿ ಮೈಮೇಲಿನ ಬಟ್ಟೆ ಸಡಿಲವಾಗುತ್ತದೆ. ಮನೆಯವರು ಗ್ಯಾಸ್ಟ್ರಿಕ್ ಗುಳಿಗೆ ತರುತ್ತಾರೆ. ಎಂಡೋಸ್ಕೋಪಿ ಮಾಡಿಸಿದರೆ ದೊಡ್ಡದೇನೂ ಕಾಣುವುದಿಲ್ಲ. ಕೆಲವರು ನಜರ್ ಆಗಿದೆ ಎನ್ನುತ್ತಾರೆ, ಕೆಲವರು ಮನಸ್ಸಿನ ಕಾಯಿಲೆ ಎನ್ನುತ್ತಾರೆ, ಕ್ಯಾನ್ಸರ್ ಎಂದು ಒಳಗೊಳಗೇ ಹೆದರುವವರೂ ಉಂಟು. ಹೀಗೆ ವರ್ಷವೇ ಕಳೆದುಹೋಗುತ್ತದೆ.

ಕರುಳಿಗೆ ರಕ್ತ ಬರುವ ಮೂರು ದಾರಿ

ಹೃದಯದಿಂದ ಹೊರಟ ಮಹಾಪಧಮನಿ ಬೆನ್ನುಮೂಳೆಯ ಮುಂಭಾಗದಲ್ಲಿ ಹೊಟ್ಟೆಯೊಳಗೆ ಇಳಿಯುತ್ತದೆ. ಜೀರ್ಣಾಂಗಗಳಿಗೆಂದು ಅದರಿಂದ ಮೂರು ಕವಲು ಒಡೆಯುತ್ತವೆ. ಮೊದಲನೆಯದು ಸೀಲಿಯಾಕ್ ಅಪಧಮನಿ. ಅದು ಜಠರ, ಯಕೃತ್ತು ಮತ್ತು ಗುಲ್ಮಕ್ಕೆ ರಕ್ತ ಕೊಡುತ್ತದೆ. ಎರಡನೆಯದು ಮೇಲಿನ ಮೆಸೆಂಟರಿಕ್ ಅಪಧಮನಿ. ಇಡೀ ಸಣ್ಣ ಕರುಳು ಮತ್ತು ದೊಡ್ಡ ಕರುಳಿನ ಮೊದಲ ಭಾಗ ಇದನ್ನೇ ನಂಬಿವೆ. ಮೂರರಲ್ಲಿ ಬಹು ಮುಖ್ಯವಾದದ್ದು ಇದು. ಮೂರನೆಯದು ಕೆಳಗಿನ ಮೆಸೆಂಟರಿಕ್ ಅಪಧಮನಿ. ದೊಡ್ಡ ಕರುಳಿನ ಉಳಿದ ಭಾಗ ಅದರ ಪಾಲು.

ಈ ಮೂರರ ನಡುವೆ ಸಣ್ಣ ಸಣ್ಣ ಕೂಡುನಾಳಗಳಿವೆ. ಒಂದು ಕಿರಿದಾದರೆ ಇನ್ನೊಂದು ಆ ಕೂಡುನಾಳಗಳ ಮೂಲಕ ರಕ್ತ ಕಳಿಸಿ ಸಂಭಾಳಿಸುತ್ತದೆ. ಆದ್ದರಿಂದ ಒಂದೇ ನಾಳ ಕಿರಿದಾದವರಲ್ಲಿ ಅನೇಕರಿಗೆ ಏನೂ ತೊಂದರೆ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಮೂರರಲ್ಲಿ ಎರಡು ನಾಳ ತೀರಾ ಕಿರಿದಾದಾಗ ಕಾಯಿಲೆ ಮುಖ ತೋರಿಸುತ್ತದೆ. ಕೂಡುನಾಳಗಳು ಬಲವಾಗಿ ಬೆಳೆಯದಿದ್ದರೆ ಮೇಲಿನ ಮೆಸೆಂಟರಿಕ್ ನಾಳ ಒಂದೇ ಕೆಟ್ಟರೂ ಸಾಕು.

ನರಗುಂದ, ರೋಣ ಭಾಗದ ರೈತರಿಗೆ ಮಲಪ್ರಭಾ ಕಾಲುವೆಯ ಲೆಕ್ಕ ಹೇಳಿಕೊಡಬೇಕಿಲ್ಲ. ಕಾಲುವೆಯಲ್ಲಿ ಹೂಳು ತುಂಬಿದರೂ ಬೇಡಿಕೆ ಕಡಿಮೆ ಇದ್ದಾಗ ಹೇಗೋ ನಡೆಯುತ್ತದೆ. ಎಲ್ಲರೂ ಒಂದೇ ಸಲ ನೀರು ಹಾಯಿಸಲು ನಿಂತಾಗ ಕೊನೆಯ ಹೊಲ ಒಣಗುತ್ತದೆ. ಕರುಳಿನದೂ ಅದೇ ಕಥೆ. ಬರಿಹೊಟ್ಟೆಯಲ್ಲಿದ್ದಾಗ ಅದಕ್ಕೆ ಬೇಕಾಗುವ ರಕ್ತ ಕಡಿಮೆ. ಉಂಡ ಮೇಲೆ ಅನ್ನ ಅರಗಿಸಲು ಬಹಳ ಹೆಚ್ಚು ರಕ್ತ ಬೇಕು. ಕಿರಿದಾದ ನಾಳಕ್ಕೆ ಅಷ್ಟು ಕೊಡಲು ಆಗದು. ರಕ್ತ ಸಾಲದ ಕರುಳಿನ ಕೂಗೇ ಈ ನೋವು. ನಡೆದಾಗ ಎದೆ ನೋಯುವ ಹೃದ್ರೋಗಿಯ ಸ್ಥಿತಿಗೂ ಉಂಡಾಗ ಹೊಟ್ಟೆ ನೋಯುವ ಈ ರೋಗಿಯ ಸ್ಥಿತಿಗೂ ಮೂಲ ಒಂದೇ.

ಕಾರಣವೇನು, ಯಾರಿಗೆ ಬರುತ್ತದೆ?

ಬಹುಪಾಲು ರೋಗಿಗಳಲ್ಲಿ ಕಾರಣ ನಾಳದ ಒಳಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣದಂಶ ಕಟ್ಟಿಕೊಳ್ಳುವುದು. ಹೃದಯಾಘಾತ, ಪಾರ್ಶ್ವವಾಯುಗಳ ಹಿಂದಿರುವುದೂ ಇದೇ. ಬೀಡಿ, ಸಿಗರೇಟು, ಮಧುಮೇಹ, ರಕ್ತದೊತ್ತಡ, ಕೊಲೆಸ್ಟ್ರಾಲ್ ಇದನ್ನು ಬೆಳೆಸುತ್ತವೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾದರೂ ಪಾನ್ ಮಸಾಲಾ ಚೀಟಿಯೊಂದಿಗೆ ತಂಬಾಕಿನ ಚೀಟಿ ಬೇರೆಯಾಗಿ ಕೈಗೆ ಸಿಗುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಬಾಯಿಗೆ ಹಾಕಿದ ತಂಬಾಕು ಬಾಯಿಯಲ್ಲೇ ಉಳಿಯುವುದಿಲ್ಲ. ಅದರ ವಿಷ ರಕ್ತಕ್ಕೆ ಸೇರುತ್ತದೆ.

ಈ ಕಾಯಿಲೆ ಹೆಚ್ಚಾಗಿ 60 ದಾಟಿದವರಲ್ಲಿ, ಅದರಲ್ಲೂ ಗಂಡಸರಿಗಿಂತ ಹೆಂಗಸರಲ್ಲಿ ಕಾಣುತ್ತದೆ. ಇದು ನಮ್ಮ ಮನೆಗಳಿಗೆ ಮುಖ್ಯವಾದ ಮಾತು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಅಮ್ಮಿ, ದಾದಿ ಎಷ್ಟು ಉಂಡರು ಎಂದು ಯಾರೂ ನೋಡಿರುವುದಿಲ್ಲ. ಅವರು ತಾವಾಗಿ ಹೇಳುವುದೂ ಇಲ್ಲ.

ಹರೆಯದವರಲ್ಲಿ ಬಂದರೆ ಕಾರಣ ಬೇರೆ ಇರಬಹುದು. ಟಕಾಯಾಸು ಎಂಬ, ರಕ್ತನಾಳದ ಗೋಡೆಯೇ ಉರಿಯೂತಕ್ಕೊಳಗಾಗುವ ಕಾಯಿಲೆ ಭಾರತದಂತಹ ಏಷ್ಯಾದ ದೇಶಗಳ ತರುಣಿಯರಲ್ಲಿ ಕಾಣಿಸುತ್ತದೆ. ಇನ್ನು ಕೆಲವರಲ್ಲಿ ವಪೆಯ ಒಂದು ಪಟ್ಟಿ ಸೀಲಿಯಾಕ್ ನಾಳವನ್ನು ಹೊರಗಿನಿಂದ ಒತ್ತುತ್ತಿರುತ್ತದೆ. ಇವುಗಳ ಚಿಕಿತ್ಸೆಯ ದಾರಿಯೂ ಬೇರೆ.

ಪತ್ತೆ ಹಚ್ಚುವುದು ಹೇಗೆ?

ಮೊದಲ ಪರೀಕ್ಷೆ ಡಾಪ್ಲರ್ ಸ್ಕ್ಯಾನ್. ಮಾಮೂಲಿ ಹೊಟ್ಟೆಯ ಸ್ಕ್ಯಾನಿಂಗ್ ಯಂತ್ರದಲ್ಲೇ ರಕ್ತ ಹರಿಯುವ ವೇಗ ಅಳೆಯುವ ವಿಧಾನವಿದು. ನಾಳ ಕಿರಿದಾದಷ್ಟೂ ಅಲ್ಲಿ ರಕ್ತ ರಭಸದಿಂದ ನುಗ್ಗುತ್ತದೆ. ಮೇಲಿನ ಮೆಸೆಂಟರಿಕ್ ನಾಳದಲ್ಲಿ ಆ ವೇಗ ಸೆಕೆಂಡಿಗೆ 275 ಸೆಂ.ಮೀ. ದಾಟಿದರೆ, ಸೀಲಿಯಾಕ್ ನಾಳದಲ್ಲಿ 200 ಸೆಂ.ಮೀ. ದಾಟಿದರೆ, ನಾಳ ಶೇ. 70ಕ್ಕಿಂತ ಹೆಚ್ಚು ಮುಚ್ಚಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ಈ ಸ್ಕ್ಯಾನ್‌ಗೆ ಬರಿಹೊಟ್ಟೆಯಲ್ಲಿ ಹೋಗಬೇಕು; ಹೊಟ್ಟೆಯಲ್ಲಿ ಗಾಳಿ ತುಂಬಿದ್ದರೆ ಸರಿಯಾಗಿ ಕಾಣದು.

ಶಂಕೆ ಉಳಿದರೆ ಸಿ.ಟಿ. ಆಂಜಿಯೋಗ್ರಾಮ್ ಮಾಡುತ್ತಾರೆ. ಕೈಯ ನರಕ್ಕೆ ಬಣ್ಣದ ಔಷಧ ಕೊಟ್ಟು ತೆಗೆಯುವ ಈ ಚಿತ್ರದಲ್ಲಿ ಅಡಚಣೆ ಎಲ್ಲಿದೆ, ಎಷ್ಟು ಉದ್ದ, ಸುಣ್ಣದಂಶ ಎಷ್ಟು ಗಟ್ಟಿಯಾಗಿದೆ ಎಂಬುದೆಲ್ಲ ತಿಳಿಯುತ್ತದೆ. ಸ್ಟೆಂಟೋ ಶಸ್ತ್ರಚಿಕಿತ್ಸೆಯೋ ಎಂಬ ತೀರ್ಮಾನಕ್ಕೆ ಮುಖ್ಯ ಆಧಾರ ಇದೇ ಚಿತ್ರ. ಬಣ್ಣದ ಔಷಧ ಮೂತ್ರಪಿಂಡಕ್ಕೆ ಭಾರವಾಗಬಲ್ಲದು. ಆದ್ದರಿಂದ ಮೊದಲೇ ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಅದನ್ನು ತಪ್ಪದೆ ವೈದ್ಯರಿಗೆ ಹೇಳಬೇಕು.

ಬಲೂನು ಮತ್ತು ಸ್ಟೆಂಟ್

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಈಗ ಎಲ್ಲ ಊರಲ್ಲೂ ಇದ್ದಾರೆ. ಕರುಳಿನ ನಾಳಕ್ಕೂ ಹೆಚ್ಚುಕಡಿಮೆ ಅದೇ ವಿಧಾನ. ತೊಡೆಸಂದಿನ ಅಥವಾ ಕೈಯ ರಕ್ತನಾಳಕ್ಕೆ ಸಣ್ಣ ರಂಧ್ರ ಮಾಡಿ, ತೆಳುವಾದ ತಂತಿಯೊಂದನ್ನು ಅಡಚಣೆಯ ಜಾಗದವರೆಗೆ ಸಾಗಿಸುತ್ತಾರೆ. ಅದರ ಮೇಲಿಂದ ಬಲೂನು ಒಯ್ದು ಉಬ್ಬಿಸಿ ನಾಳವನ್ನು ಅಗಲ ಮಾಡುತ್ತಾರೆ. ಮತ್ತೆ ಕುಸಿಯದಂತೆ ಲೋಹದ ಜಾಳಿಗೆಯಂತಹ ಸ್ಟೆಂಟ್ ಕೂರಿಸುತ್ತಾರೆ. ಸಾಮಾನ್ಯವಾಗಿ ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು. ಎಲ್ಲವೂ ಸರಿಯಾದರೆ ಒಂದೆರಡು ದಿನದಲ್ಲಿ ಮನೆಗೆ ಬರಬಹುದು.

ಈ ವಿಧಾನ ನಡೆದು ಬಂದ ದಾರಿ ದೀರ್ಘವೇನಲ್ಲ. ಅಮೆರಿಕದ ಡಾ. ಚಾರ್ಲ್ಸ್ ಡಾಟರ್ 1964ರಲ್ಲಿ ಕಾಲಿನ ರಕ್ತನಾಳವೊಂದನ್ನು ಕೊಯ್ಯದೆ ಒಳಗಿನಿಂದಲೇ ಅಗಲ ಮಾಡಿದರು. ಡಾ. ಆಂಡ್ರಿಯಾಸ್ ಗ್ರುಂಟ್ಸಿಗ್ 1977ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹೃದಯದ ನಾಳಕ್ಕೆ ಬಲೂನು ಹಾಕಿದರು. ಕರುಳಿನ ನಾಳವನ್ನು ಇದೇ ರೀತಿ ತೆರೆದ ವರದಿ 1980ರಲ್ಲಿ ಪ್ರಕಟವಾಯಿತು.

ಸ್ಟೆಂಟ್‌ನ ದೊಡ್ಡ ಲಾಭ ಆರಂಭದ ಅಪಾಯ ಕಡಿಮೆ ಎಂಬುದು. ಹೊಟ್ಟೆ ಕೊಯ್ಯುವುದಿಲ್ಲ. ತಿಂಗಳುಗಟ್ಟಲೆ ಉಣ್ಣದೆ ಸೊರಗಿದ ದೇಹ ಅದನ್ನು ತಾಳಿಕೊಳ್ಳುತ್ತದೆ. ನೋವೂ ಬೇಗ ಇಳಿಯುತ್ತದೆ. ಹಾಗೆಂದು ಅಪಾಯವೇ ಇಲ್ಲ ಎನ್ನುವಂತಿಲ್ಲ. ರಂಧ್ರ ಮಾಡಿದ ಜಾಗದಲ್ಲಿ ರಕ್ತಸ್ರಾವವಾಗಬಹುದು, ನಾಳ ಸೀಳಬಹುದು, ಒಳಗಿನ ಚೂರು ಕಳಚಿ ಮುಂದಿನ ಸಣ್ಣ ನಾಳವನ್ನು ಮುಚ್ಚಬಹುದು.

ಸ್ಟೆಂಟ್‌ನ ದೊಡ್ಡ ಕೊರತೆ ಬಾಳಿಕೆ. ಕೆಲವು ವರ್ಷಗಳಲ್ಲಿ ಗಣನೀಯ ಪ್ರಮಾಣದ ರೋಗಿಗಳಲ್ಲಿ ಸ್ಟೆಂಟ್ ಮತ್ತೆ ಕಿರಿದಾಗುತ್ತದೆ. ಆಗ ಮತ್ತೊಮ್ಮೆ ಬಲೂನು ಹಾಕಬೇಕಾಗುತ್ತದೆ. ಈ ಕೊರತೆಯನ್ನು ತಗ್ಗಿಸಲು ಬಟ್ಟೆಯಂತಹ ಹೊದಿಕೆ ಇರುವ ಸ್ಟೆಂಟ್‌ಗಳು ಬಂದಿವೆ. ನೆದರ್‌ಲ್ಯಾಂಡ್ಸ್‌ನ ಆಸ್ಪತ್ರೆಗಳಲ್ಲಿ ಬರಿಯ ಲೋಹದ ಸ್ಟೆಂಟ್ ಮತ್ತು ಹೊದಿಕೆಯ ಸ್ಟೆಂಟ್ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಎರಡು ವರ್ಷದ ನಂತರ ಹೊದಿಕೆಯ ಸ್ಟೆಂಟ್ ಹಾಕಿದ ನಾಳಗಳಲ್ಲಿ ಸುಮಾರು ಶೇ. 80ರಷ್ಟು ತೆರೆದೇ ಇದ್ದವು. ಬರಿಯ ಲೋಹದ್ದರಲ್ಲಿ ಸುಮಾರು ಅರ್ಧದಷ್ಟು ಮಾತ್ರ. ಆದ್ದರಿಂದ ಯಾವ ಬಗೆಯ ಸ್ಟೆಂಟ್ ಎಂದು ಕೇಳುವುದು ಹೆಚ್ಚಿನ ಮಾತಲ್ಲ, ರೋಗಿಯ ಹಕ್ಕು.

ತೆರೆದ ಶಸ್ತ್ರಚಿಕಿತ್ಸೆ

ಇದು ಹಳೆಯ ದಾರಿ. ಮೇಲಿನ ಮೆಸೆಂಟರಿಕ್ ನಾಳವನ್ನು ತೆರೆದು ಒಳಗಿನ ಕಟ್ಟನ್ನು ತೆಗೆದ ಯಶಸ್ವಿ ಶಸ್ತ್ರಚಿಕಿತ್ಸೆಯ ವರದಿ 1958ರಲ್ಲಿ ಅಮೆರಿಕದಿಂದ ಬಂತು. ಇಂದು ಹೆಚ್ಚಾಗಿ ಮಾಡುವುದು ಬೈಪಾಸ್. ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಮಹಾಪಧಮನಿಯಿಂದಲೋ ಸೊಂಟದ ದೊಡ್ಡ ನಾಳದಿಂದಲೋ ಹೊಸ ಕೊಳವೆಯೊಂದನ್ನು ಅಡಚಣೆಯ ಆಚೆಗೆ ಜೋಡಿಸುತ್ತಾರೆ. ಕೊಳವೆ ಕೃತಕ ನೂಲಿನದಾಗಿರಬಹುದು, ಇಲ್ಲವೇ ರೋಗಿಯ ಕಾಲಿನಿಂದಲೇ ತೆಗೆದ ರಕ್ತನಾಳವಾಗಿರಬಹುದು. ಹೂಳು ತುಂಬಿದ ಕಾಲುವೆಯನ್ನು ಬಿಟ್ಟು ಪಕ್ಕದಲ್ಲಿ ಹೊಸದು ತೋಡಿದಂತೆ.

ಇದರ ಲಾಭ ಬಾಳಿಕೆ. ಬೈಪಾಸ್ ಬಹುಪಾಲು ರೋಗಿಗಳಲ್ಲಿ ಐದು ವರ್ಷದ ನಂತರವೂ ತೆರೆದೇ ಇರುತ್ತದೆ. ಮತ್ತೆ ಚಿಕಿತ್ಸೆ ಬೇಕಾಗುವುದು ಸ್ಟೆಂಟ್‌ಗಿಂತ ಕಡಿಮೆ. ಆದರೆ ಆರಂಭದಲ್ಲಿ ಬೆಲೆ ತೆರಬೇಕಾಗುತ್ತದೆ. ತೀವ್ರ ನಿಗಾ ಘಟಕದಲ್ಲಿ ಇರಬೇಕು, ಒಂದು ವಾರ ಅಥವಾ ಅದಕ್ಕಿಂತ ಹೆಚ್ಚು ಆಸ್ಪತ್ರೆವಾಸ, ಪೂರ್ತಿ ಚೇತರಿಸಲು ವಾರಗಟ್ಟಲೆ ಬೇಕು. ಹೃದಯಾಘಾತ, ನ್ಯುಮೋನಿಯಾ, ಮೂತ್ರಪಿಂಡದ ತೊಂದರೆ, ಗಾಯದ ಸೋಂಕು ಎದುರಾಗಬಹುದು. ಅಮೆರಿಕದ ಆಸ್ಪತ್ರೆಗಳ ದಾಖಲೆಗಳಲ್ಲಿ, ಚಿಕಿತ್ಸೆಯ ಸಮಯದ ಸಾವಿನ ಪ್ರಮಾಣ ಸ್ಟೆಂಟ್‌ಗಿಂತ ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಹಲವು ಪಟ್ಟು ಹೆಚ್ಚಿತ್ತು.

ಹಾಗಾದರೆ ಯಾರಿಗೆ ಯಾವುದು?

ಒಂದು ಮಾತಿನಲ್ಲಿ ಹೇಳುವುದಾದರೆ ಸ್ಟೆಂಟ್ ಇಂದಿನ ಅಪಾಯ ಕಡಿಮೆ ಮಾಡುತ್ತದೆ, ಬೈಪಾಸ್ ನಾಳಿನ ಅಪಾಯ ಕಡಿಮೆ ಮಾಡುತ್ತದೆ. ಅಮೆರಿಕದ ರಕ್ತನಾಳ ಶಸ್ತ್ರಚಿಕಿತ್ಸಕರ ಸಂಘ 2021ರಲ್ಲಿ ಹೊರಡಿಸಿದ ಮಾರ್ಗಸೂಚಿ, ಸಾಧ್ಯವಿರುವಲ್ಲಿ ಮೊದಲು ಸ್ಟೆಂಟ್ ಎನ್ನುತ್ತದೆ. ವಯಸ್ಸಾದವರು, ಹೃದಯ ಅಥವಾ ಶ್ವಾಸಕೋಶ ದುರ್ಬಲವಾದವರು, ತೂಕ ಬಹಳ ಇಳಿದವರು, ಅಡಚಣೆ ಚಿಕ್ಕದಾಗಿರುವವರು — ಇವರಿಗೆಲ್ಲ ಅದೇ ಸೂಕ್ತ.

ನಾಳ ಉದ್ದಕ್ಕೂ ಮುಚ್ಚಿಹೋಗಿದ್ದರೆ, ಸುಣ್ಣದಂಶ ಕಲ್ಲಿನಂತೆ ಗಟ್ಟಿಯಾಗಿ ತಂತಿಯೇ ದಾಟದಿದ್ದರೆ, ಹಾಕಿದ ಸ್ಟೆಂಟ್ ಮತ್ತೆ ಮತ್ತೆ ಮುಚ್ಚುತ್ತಿದ್ದರೆ ಶಸ್ತ್ರಚಿಕಿತ್ಸೆಯೇ ದಾರಿ. ವಯಸ್ಸು ಕಡಿಮೆ ಇದ್ದು, ದೇಹ ಗಟ್ಟಿಯಾಗಿದ್ದು, ಮುಂದೆ ಬಹಳ ವರ್ಷ ಬಾಳಬೇಕಾದವರಿಗೆ ವೈದ್ಯರು ಬೈಪಾಸ್ ಸೂಚಿಸಿದರೆ ಅದಕ್ಕೂ ಅರ್ಥವಿದೆ. ವಪೆಯ ಪಟ್ಟಿ ಹೊರಗಿನಿಂದ ಒತ್ತುತ್ತಿರುವವರಿಗೆ ಮೊದಲು ಆ ಪಟ್ಟಿಯನ್ನು ಬಿಡಿಸಬೇಕು. ಬಿಡಿಸದೆ ಹಾಕಿದ ಸ್ಟೆಂಟ್ ಅದುಮಿಹೋಗಬಹುದು. ಟಕಾಯಾಸು ಇದ್ದವರಿಗೆ ತುರ್ತು ಇಲ್ಲದಿದ್ದರೆ ಮೊದಲು ಔಷಧದಿಂದ ಉರಿಯೂತ ಇಳಿಸಬೇಕು.

ಇನ್ನೊಂದು ಮಾತು ನೆನಪಿರಲಿ. ಹೊಟ್ಟೆನೋವೂ ಇಲ್ಲದೆ, ತೂಕವೂ ಇಳಿಯದೆ, ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಒಂದು ನಾಳ ಕಿರಿದಾಗಿ ಕಂಡರೆ ಕೂಡಲೇ ಸ್ಟೆಂಟ್ ಹಾಕಿಸಬೇಕೆಂದಿಲ್ಲ. ಅಂಥವರಿಗೆ ತಂಬಾಕು ಬಿಡುವುದು, ಔಷಧ ಮತ್ತು ನಿಗಾ ಸಾಕಾಗುತ್ತದೆ. ಲಕ್ಷಣ ಇರುವವರಾದರೆ ಮೊದಲು ಮೈ ಹಿಡಿಯಲಿ, ಆಮೇಲೆ ನೋಡೋಣ ಎಂದು ಮುಂದೂಡಬಾರದು. ನಾಳ ತೆರೆಯದೆ ಮೈ ಹಿಡಿಯುವುದಿಲ್ಲ.

ಕಾಯಲಾಗದ ಹೊತ್ತು

ಹೊಟ್ಟೆಯಲ್ಲಿ ಹಠಾತ್ತಾಗಿ ತಾಳಲಾರದ ನೋವು ಬಂದು, ಮುಟ್ಟಿ ನೋಡಿದರೆ ಹೊಟ್ಟೆ ಮೆತ್ತಗೇ ಇದ್ದರೆ, ಅದನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ. ನಾಳ ಪೂರ್ತಿ ಮುಚ್ಚಿ ಕರುಳು ಸಾಯಲು ಶುರುವಾಗಿರಬಹುದು. ಹೃದಯಬಡಿತ ತಾಳತಪ್ಪಿದವರಲ್ಲಿ, ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟವರಲ್ಲಿ ಹೆಪ್ಪುಗಟ್ಟಿದ ರಕ್ತ ಬಂದು ಈ ನಾಳಕ್ಕೆ ಸಿಕ್ಕಿಕೊಳ್ಳುವುದುಂಟು. ಇದರಲ್ಲಿ ಸಾವಿನ ಪ್ರಮಾಣ ಬಹಳ ಹೆಚ್ಚು. ಉಳಿಸುವುದು ಗಂಟೆಗಳ ಲೆಕ್ಕ. ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಕರುಳು ಸತ್ತಿದೆ ಎಂಬ ಶಂಕೆ ಇದ್ದರೆ ಹೊಟ್ಟೆ ತೆರೆದು ನೋಡಲೇಬೇಕು. ಅಲ್ಲಿ ಕೊಯ್ಯದ ಚಿಕಿತ್ಸೆ ಮಾತ್ರ ಸಾಲದು.

ರೋಝಾ ಮತ್ತು ಔಷಧದ ಪ್ರಶ್ನೆಗಳು

ಈ ಕಾಯಿಲೆ ಇದ್ದವರಿಗೆ ರಮಝಾನ್ ಕಷ್ಟದ ತಿಂಗಳು. ದಿನವಿಡೀ ನೀರಿಲ್ಲದೆ ದೇಹ ಒಣಗಿ ರಕ್ತ ಗಟ್ಟಿಯಾಗುತ್ತದೆ. ಇಫ್ತಾರ್‌ನಲ್ಲಿ ಒಮ್ಮೆಲೇ ತುಂಬಿದ ಹೊಟ್ಟೆ ಕರುಳಿನ ಮೇಲೆ ಭಾರ ಹಾಕುತ್ತದೆ. ಅವರಿಗೆ ಬೇಕಾದದ್ದು ಸ್ವಲ್ಪಸ್ವಲ್ಪ ಊಟ, ಹಲವು ಸಲ. ರೋಗಿಗೆ ರೋಝಾ ಮುಂದೂಡಿ ಆಮೇಲೆ ಕಝಾ ಮಾಡುವ, ಗುಣವಾಗುವ ಭರವಸೆ ಇಲ್ಲದವರಿಗೆ ಫಿದ್ಯಾ ಕೊಡುವ ರಿಯಾಯಿತಿ ದೀನ್‌ನಲ್ಲೇ ಇದೆ. ಚಿಕಿತ್ಸೆ ಮುಗಿಯುವ ಮೊದಲು ಹಠದಿಂದ ರೋಝಾ ಹಿಡಿಯಬಾರದು. ಸ್ಟೆಂಟ್ ಆದವರು ಕೂಡ ವೈದ್ಯರನ್ನೂ ಆಲಿಮರನ್ನೂ ಕೇಳಿ ನಿರ್ಧರಿಸಬೇಕು.

ಎರಡೂ ಚಿಕಿತ್ಸೆಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಎಂಬ ಔಷಧ ಕೊಡುತ್ತಾರೆ. ಅದು ಬಹುತೇಕ ಹಂದಿಯ ಕರುಳಿನಿಂದ ತಯಾರಾಗುತ್ತದೆ. ಇದನ್ನು ತಿಳಿದು ಕೆಲವು ಕುಟುಂಬಗಳು ಗಾಬರಿಯಾಗುತ್ತವೆ. ಪ್ರಾಣಕ್ಕೆ ಅಪಾಯವಿದ್ದು ಬೇರೆ ದಾರಿ ಇಲ್ಲದಾಗ ನಿಷಿದ್ಧಕ್ಕೂ ರಿಯಾಯಿತಿ ಇದೆ ಎಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ಸಂಶಯವಿದ್ದರೆ ಆಲಿಮರನ್ನು ಮೊದಲೇ ಕೇಳಿಕೊಳ್ಳಿ. ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲಲ್ಲಿ ನಿಂತು ಚರ್ಚೆ ಬೇಡ.

ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್, ಅದರೊಂದಿಗೆ ಕೆಲವು ತಿಂಗಳು ಕ್ಲೋಪಿಡೋಗ್ರೆಲ್, ಮತ್ತು ಕೊಲೆಸ್ಟ್ರಾಲ್ ಗುಳಿಗೆ ಬರೆದುಕೊಡುತ್ತಾರೆ. ನೋವು ಹೋಯಿತೆಂದು ಇವನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಬಹುದು. ಮೊದಲ ತಿಂಗಳಲ್ಲಿ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ಡಾಪ್ಲರ್ ಸ್ಕ್ಯಾನ್ ಆಗಬೇಕು.

ರಾಜೂರಿನಿಂದ ಹೊರಡುವ ದಾರಿ

ಗಜೇಂದ್ರಗಡ ತಾಲೂಕಿನ ರಾಜೂರಿನಂತಹ ಊರಿನವರಿಗೆ ಚಿಕಿತ್ಸೆಯ ಆಯ್ಕೆಯಲ್ಲಿ ದೂರವೂ ಲೆಕ್ಕಕ್ಕೆ ಬರುತ್ತದೆ. ರಕ್ತನಾಳ ತಜ್ಞರು ತಾಲೂಕು ದವಾಖಾನೆಯಲ್ಲಿ ಇರುವುದಿಲ್ಲ. ಗದಗಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಜಿಮ್ಸ್ ಇದೆ. ಅಲ್ಲಿಂದ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಯಲ್ಲಿ ನಾವೆಲ್ಲ ಇಂದಿಗೂ ಕಿಮ್ಸ್ ಎಂದೇ ಕರೆಯುವ ದೊಡ್ಡ ಸರಕಾರಿ ಆಸ್ಪತ್ರೆ ಇದೆ. ಧಾರವಾಡ, ಬೆಳಗಾವಿ, ಬೆಂಗಳೂರುಗಳಲ್ಲೂ ದೊಡ್ಡ ಆಸ್ಪತ್ರೆಗಳಿವೆ. ಸ್ಟೆಂಟ್ ಆಯ್ದುಕೊಂಡವರು ತಪಾಸಣೆಗೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಕರೆದೊಯ್ಯುವವರು ಯಾರು, ಬಸ್ಸಿನ ಖರ್ಚು ಯಾರದು ಎಂಬುದೂ ಮನೆಯಲ್ಲಿ ಮಾತಾಗಬೇಕು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಉಳಿದವರಿಗೆ ನಿಗದಿತ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯೊಳಗೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಲು ತುರ್ತು ಸ್ಥಿತಿ ಬಿಟ್ಟರೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತಮಗೆ ಹೇಳಿದ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂದು ಆರೋಗ್ಯಮಿತ್ರರನ್ನು ಕೇಳಿ. ಕೇಳುವ ಮೊದಲೇ ಒಡವೆ ಅಡವಿಡಬೇಡಿ. ಬಡ ರೋಗಿಯ ಚಿಕಿತ್ಸೆಗೆ ಝಕಾತ್ ಸಲ್ಲುತ್ತದೆ ಎಂಬುದನ್ನು ನಮ್ಮ ಜಮಾಅತ್‌ಗಳು ಮರೆಯದಿರಲಿ.

ವೈದ್ಯರ ಮುಂದೆ ಕೂತಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಎಷ್ಟು ನಾಳಗಳು ಕಿರಿದಾಗಿವೆ, ಎಷ್ಟು? ನೋವಿಗೆ ಅದೇ ಕಾರಣ ಎಂಬುದು ಖಚಿತವೇ? ಸ್ಟೆಂಟ್ ಸಾಧ್ಯವೇ, ಯಾವ ಬಗೆಯದು? ಅದು ಮುಚ್ಚಿದರೆ ಮುಂದೇನು? ಈ ಆಸ್ಪತ್ರೆಯಲ್ಲಿ ಇಂತಹ ಚಿಕಿತ್ಸೆ ಎಷ್ಟು ಮಾಡಿದ್ದೀರಿ? ಪ್ರಶ್ನೆ ಕೇಳುವುದು ವೈದ್ಯರಿಗೆ ಮಾಡುವ ಅವಮಾನವಲ್ಲ.

ಇದಕ್ಕೂ ಮೊದಲು ನಾವು ಮನೆಯಲ್ಲೇ ಮಾಡಬಹುದಾದ ಕೆಲಸ ಒಂದಿದೆ. ಇಂದು ರಾತ್ರಿ ದಸ್ತರಖಾನ್ ಹಾಸಿದಾಗ ಮನೆಯ ಹಿರಿಯರ ತಟ್ಟೆಯನ್ನೂ ಒಮ್ಮೆ ನೋಡೋಣ. ಊಟ ಕಡಿಮೆಯಾಗಿದೆಯೇ, ಉಂಡ ಮೇಲೆ ಹೊಟ್ಟೆ ಹಿಡಿದು ಮಲಗುತ್ತಾರೆಯೇ, ಮೈ ಇಳಿದಿದೆಯೇ ಎಂದು ಕೇಳೋಣ. ಹೌದು ಎಂದರೆ ಮತ್ತೊಂದು ಗ್ಯಾಸ್ಟ್ರಿಕ್ ಗುಳಿಗೆ ತರುವ ಬದಲು, ಕರುಳಿನ ರಕ್ತನಾಳವನ್ನೂ ಒಮ್ಮೆ ನೋಡಿ ಎಂದು ವೈದ್ಯರಿಗೆ ಹೇಳೋಣ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ, ಆಮೀನ್.